ಕೊನೆಯ ಹಾಳೆ

ಕಾದಂಬರಿಕಾರ ಡೆಲ್ಮರ್ ಪ್ರಿಚರ್ಡನ ಕೈಯಿಂದ ಹಸ್ತಪ್ರತಿ ಜಾರಿ ಹಾಳೆಗಳೆಲ್ಲ ಚೆಲ್ಲಾಪಿಲ್ಲಿಯಾದಾಗ, ಅಮೆರಿಕದ ಮಿಲ್ವಾಕಿಯ ಪುಸ್ತಕದಂಗಡಿಯಲ್ಲಿ ಅವನ ಓದು ಕೇಳಲು ಕೂತಿದ್ದವರೆಲ್ಲ ಎದ್ದು ಚಪ್ಪಾಳೆ ಹೊಡೆದರು. ಅವರ ತಪ್ಪೇನೂ ಇಲ್ಲ. ಕಥೆಗೆ ಮೊದಲು, ಕೊನೆ ಅನ್ನುವುದೇ ಸುಳ್ಳು ಎಂದು ಸಾರಿ ಹೆಸರು ಮಾಡಿದವನು ಅವನೇ. ಅವನ ಕಾದಂಬರಿಗಳಿಗೆ ಹೊಲಿಗೆಯೇ ಇರುತ್ತಿರಲಿಲ್ಲ, ಡಬ್ಬಿ ತುಂಬ ಬಿಡಿ ಹಾಳೆಗಳು. ಸಭೆಗಳಲ್ಲಿ ಅವನ್ನು ತೂರಿಬಿಡುತ್ತಿದ್ದ. ಜನ ಕೈಗೆ ಸಿಕ್ಕಿದ್ದನ್ನು ಗಟ್ಟಿಯಾಗಿ ಓದುತ್ತಿದ್ದರು.

"ಮುಟ್ಟಬೇಡ್ರಪ್ಪಾ! ಇದು ಹಾಗಲ್ಲ, ಇದನ್ನ ಮೊದಲಿಂದ್ಲೇ ಓದ್ಬೇಕು," ಎಂದ ಡೆಲ್ಮರ್.

"ಮೊದಲಿಂದ ಅಂತೆ! ಮುದುಕ ಇನ್ನೂ ಆಟ ಬಿಟ್ಟಿಲ್ಲ ನೋಡ್ರೋ," ಎಂದು ಯಾರೋ ಕೂಗಿದರು. ಡೆಲ್ಮರನ ಹೆಂಡತಿ ಐರಿನ್ ಮಂಡಿಯೂರಿ ಹಾಳೆ ಬಾಚಿಕೊಳ್ಳುತ್ತ, "ದಯವಿಟ್ಟು ಕೊಡಿ, ಇದು ತೀರಿಹೋದ ನಮ್ಮ ಮಗಳ ಕಥೆ," ಎಂದಳು. ಅವಳನ್ನೂ ಆಟದ ಪಾತ್ರವೆಂದುಕೊಂಡು ಜನ ಇನ್ನಷ್ಟು ನಕ್ಕರು.

ಇವತ್ತು ಕಥೆಯಲ್ಲಿ ಮಗಳು ಪುಟ್ಟ ನೆಟ್ಟಿ ಸೈಕಲ್ ಕಲಿಯುವವರೆಗೆ ಮಾತ್ರ ಓದುವುದೆಂದು ಡೆಲ್ಮರ್ ಎಣಿಸಿದ್ದ. ಕೊನೆಯ ಹಾಳೆಯನ್ನು ಮನೆಯಲ್ಲಿ, ಐರಿನ್‌ಳ ಕೈ ಹಿಡಿದುಕೊಂಡು, ತಾನೇ ಅವಳಿಗೆ ಓದಿ ಹೇಳಬೇಕೆಂದಿದ್ದ. ಅಷ್ಟರಲ್ಲಿ ಹಿಂದಿನ ಸಾಲಿನ ಕೆಂಪು ಟೋಪಿಯವನೊಬ್ಬ ಕುರ್ಚಿ ಹತ್ತಿ, ಕೈಗೆ ಸಿಕ್ಕ ಆ ಕೊನೆಯ ಹಾಳೆಯನ್ನೇ ನಾಟಕದ ದನಿಯಲ್ಲಿ ಓದಲು ಶುರುಮಾಡಿಯೇಬಿಟ್ಟ: "'ಅಮ್ಮ ಬಂದ್ಲಾ?' ಎಂದು ಆಸ್ಪತ್ರೆಯಲ್ಲಿ ನೆಟ್ಟಿ ಉಸಿರು ನಿಲ್ಲುವವರೆಗೂ ಕೇಳುತ್ತಲೇ ಇದ್ದಳು."

ಐರಿನ್ ನೆಲದಿಂದಲೇ ತಲೆಯೆತ್ತಿದಳು. "ನಿದ್ದೇಲೇ ಹೋದ್ಲು ಅಂದಿದ್ದೆಯಲ್ಲಾ, ಡೆಲ್?"

ಡೆಲ್ಮರ್ ಏನೋ ಹೇಳಿದ. ಚಪ್ಪಾಳೆಯ ಸದ್ದಿನಲ್ಲಿ ಅದು ಅವಳಿಗೆ ಕೇಳಿಸಲಿಲ್ಲ.