ಸೇತುವೆಯ ಮೇಲಿನ ಹುಡುಗಿ

ಚೀನಾದ ಮುದಿ ದೊರೆಯ ಹುಟ್ಟುಹಬ್ಬಕ್ಕೆ ಚಿತ್ರಗಾರ್ತಿಯೊಬ್ಬಳು ರೇಷ್ಮೆ ಬಟ್ಟೆಯ ಮೇಲೆ ಸಾವಿಲ್ಲದವರ ದ್ವೀಪವನ್ನು ಬರೆದುಕೊಟ್ಟಿದ್ದಳು. ಮಂಜಿನಲ್ಲಿ ತೇಲುವ ಬೆಟ್ಟ, ಬಿಳಿ ಕೊಕ್ಕರೆಗಳು, ತಿಂದವರು ಸಾಯದಂಥ ಹಣ್ಣಿನ ಮರ. ಬೆಟ್ಟ ಎಷ್ಟು ದೊಡ್ಡದೆಂದು ತೋರಿಸಲು ಇಂಥ ಚಿತ್ರದಲ್ಲಿ ಎಲ್ಲಾದರೂ ಕಾಳಿನಷ್ಟು ಪುಟ್ಟ ಮನುಷ್ಯನನ್ನು ಇಡುವುದು ವಾಡಿಕೆ. ಅವಳು ದ್ವೀಪದ ತೊರೆಗೊಂದು ಸೇತುವೆ ಬರೆದು ಅದರ ಮೇಲೆ ತನ್ನ ಎಂಟು ವರ್ಷದ ಮಗಳನ್ನೇ ಇಟ್ಟಳು, ಎರಡು ಜುಟ್ಟಿಗೂ ಕೆಂಪು ದಾರ ಕಟ್ಟಿ. ಸಾವಿಲ್ಲದ ಜಾಗದಲ್ಲಿ ಮಗು ಇರಲಿ ಎಂಬ ಆಸೆ, ಅಷ್ಟೆ.

ವಾರದೊಳಗೆ ಅರಮನೆಯ ಅಧಿಕಾರಿ ಮನೆಗೆ ಬಂದ. ಬಾಗಿಲಲ್ಲಿ ಕೂತು ಬಟಾಣಿ ಸುಲಿಯುತ್ತಿದ್ದ ಹುಡುಗಿಯ ಜುಟ್ಟನ್ನೇ ದಿಟ್ಟಿಸಿದ.

"ಚಿತ್ರದಲ್ಲಿರೋಳು ಇವಳೇ. ಆ ಹಣ್ಣು ತರೋಕೆ ನಾಳೆ ದ್ವೀಪಕ್ಕೆ ಹಡಗು ಹೊರಡುತ್ತೆ. ಹೋಗಿಬಂದವಳೇ ದಾರಿ ತೋರಿಸ್ಲಿ ಅಂತ ದೊರೆಗಳ ಅಪ್ಪಣೆ."

"ಅಯ್ಯೋ ಸ್ವಾಮಿ, ಇವಳು ನಮ್ಮೂರ ಹೊಳೆ ಕೂಡ ದಾಟಿಲ್ಲ. ಹೋದ ಹಡಗು ಒಂದಾದ್ರೂ ವಾಪಸ್ ಬಂದಿದ್ಯಾ?"

"ದಾರಿ ಗೊತ್ತಿರೋರು ಇರ್ಲಿಲ್ಲ, ಅದಕ್ಕೇ ಬರ್ಲಿಲ್ಲ."

"ಆ ದ್ವೀಪ ನನ್ನ ಕಲ್ಪನೆ ಸ್ವಾಮಿ."

"ಹಾಗಾದ್ರೆ ದೊರೆಗಳಿಗೇ ಸುಳ್ಳು ಬರ್ದುಕೊಟ್ಯಾ? ಸುಳ್ಳು ಬರೆದ ಕೈನ ಏನ್ ಮಾಡ್ತಾರೆ ಗೊತ್ತಲ್ಲ?"

ಅವಳು ಬೆರಳಿನ ಮಸಿ ಒರೆಸಿಕೊಂಡು ಎರಡೂ ಕೈಗಳನ್ನು ಮೇಜಿನ ಮೇಲೆ ಚಾಚಿದಳು.

"ಸುಳ್ಳೇ ಬರ್ದೆ. ಕಡೀರಿ."

ಹುಡುಗಿ ಬಟಾಣಿಯ ಬುಟ್ಟಿಯನ್ನು ಪಕ್ಕಕ್ಕಿಟ್ಟು ಚಪ್ಪಲಿ ಮೆಟ್ಟಿಕೊಂಡಳು.

"ಅಮ್ಮಂಗೆ ಮರೆವು," ಎಂದಳು. "ಸೇತುವೆ ದಾಟಿದ್ಮೇಲೆ ಎಡಕ್ಕೆ ತಿರುಗ್ಬೇಕು. ಬನ್ನಿ, ತೋರಿಸ್ತೀನಿ."