ಅಣ್ಣನ ಸ್ವಂತ ಕೈಬರಹ

ಅವಳು ಲೇಖನಿಯ ತುದಿಯನ್ನು ಒರೆಸಿ ಮತ್ತೆ ಮಸಿಯಲ್ಲಿ ಅದ್ದಿದಳು. ಕಣ್ಣು ಮಂಜಾಗಿದ್ದ ಅಣ್ಣ ಗೋಡೆಗೊರಗಿ ಕೂತು, ದೂರದ ಊರಿನ ಸಭೆಗೆ ಪತ್ರ ಹೇಳಿ ಬರೆಸುತ್ತಿದ್ದ. ಕ್ರಿಸ್ತನನ್ನು ಹೊಸದಾಗಿ ನಂಬಿದ ಆ ಪುಟ್ಟ ಸಭೆಗೆ ಅವನ ಮಾತೇ ಕಟ್ಟಳೆ.

"‘ನಿಮ್ಮಿಂದ ನಾನು ಏನನ್ನೂ ಮುಚ್ಚಿಟ್ಟಿಲ್ಲ. ನೀವು ಓದುವುದೇ ನನ್ನ ಮನಸ್ಸು.’ ಬರೆದ್ಯಾ?"

"ಬರೆದೆ ಅಣ್ಣಾ."

"ಯಾರೋ ನನ್ನ ಹೆಸರಲ್ಲಿ ಸುಳ್ಳು ಪತ್ರ ಕಳಿಸ್ತಿದ್ದಾರಂತೆ. ಕೊನೇ ಸಾಲು ನನ್ನ ಕೈಬರಹದಲ್ಲಿದ್ರೆ ಮಾತ್ರ ಸಭೆಯವರು ನಂಬೋದು. ನನಗೆ ಕೈ ನಡುಗುತ್ತೆ, ನೀನೇ ಬರಿ."

"ನಿನ್ನ ಕೈಬರಹ ನಾನು ಬರೀಲಾ?"

"ಕೋಳಿ ಕೆದರಿದ ಹಾಗೆ ಬರಿ, ನಂದು ಹಾಗೇ ಅಲ್ವಾ! ಮಾತು ನಂದೇ ತಾನೇ, ಅದರಲ್ಲಿ ಸುಳ್ಳೇನು ಬಂತು? ಹೂಂ, ಬರಿ. ‘ಇದು ನನ್ನ ಸ್ವಂತ ಕೈಬರಹ. ವಿಧವೆ ಇರೇನೆಗೆ ಇನ್ನು ಮುಂದೆ ಸಭೆಯಿಂದ ರೊಟ್ಟಿ ಕೊಡಬೇಡಿ.’"

ಅವಳ ಕೈ ನಿಂತಿತು. "ಆ ರೊಟ್ಟಿ ಬಿಟ್ರೆ ಅವಳಿಗೆ ಬೇರೆ ಗತಿಯಿಲ್ಲ ಅಣ್ಣಾ. ಏನು ತಪ್ಪು ಮಾಡಿದ್ಲು?"

"ಕೂಟದಲ್ಲಿ ಎದ್ದು ನಿಂತು ನನ್ನ ಪತ್ರಕ್ಕೇ ಪ್ರಶ್ನೆ ಹಾಕ್ತಾಳೆ. ಮನಸ್ಸಲ್ಲಿದ್ದದ್ದನ್ನೆಲ್ಲ ಆಡಿಬಿಡ್ತಾಳೆ! ಸುಮ್ನೆ ಬರಿ."

ಅವಳು ಸೊಟ್ಟಸೊಟ್ಟಾಗಿ ಬರೆದಳು.

"ಓದು, ಕೇಳೋಣ."

"‘ಇದು ನನ್ನ ಸ್ವಂತ ಕೈಬರಹ. ವಿಧವೆ ಇರೇನೆಗೆ ಇನ್ನು ಮುಂದೆ ಸಭೆಯಿಂದ ರೊಟ್ಟಿ ಕೊಡಬೇಡಿ,’" ಎಂದು ಅವಳು ತಡವರಿಸದೆ ಓದಿದಳು.

"ಸರಿ. ಮಡಿಚಿ ಮುದ್ರೆ ಹಾಕು."

ಅವಳು ಮಸಿ ಆರಲೆಂದು ಮೆಲ್ಲಗೆ ಊದಿದ ಆ ಕೊನೆಯ ಸಾಲಿನಲ್ಲಿ, ಇರೇನೆಗೆ ಇನ್ನು ಮುಂದೆ ಎರಡು ರೊಟ್ಟಿ ಕೊಡಿ ಎಂದಿತ್ತು.