ಪ್ರಶ್ನೆ ಮಾತ್ರ ಕೇಳಬೇಕು

ಭಾನುವಾರ ಮಧ್ಯಾಹ್ನ ಎರಡು ಗಂಟೆಗೆ, ಕ್ವೇಕರರು ಪ್ರಾರ್ಥನೆಗೆ ಸೇರುವ ಸಭಾಮನೆಯ ಹಿಂದಿನ ಕೋಣೆಯಲ್ಲಿ, ಗಣಿತದ ಮೇಷ್ಟ್ರು ಕೇಲೆಬ್ ಸ್ಟ್ರಾಟನ್ ತನಗೆ ಶಾಲೆ ಬಿಡುವ ಯೋಚನೆ ಇದೆ ಎಂದು ಹೇಳಿದ. ಆರ್ಡಿತ್‌ಗೆ ಎದ್ದುಹೋಗಿ ಬಾಗಿಲಿಗೆ ಅಗುಳಿ ಹಾಕಬೇಕೆನಿಸಿತು.

ಅಮೆರಿಕದ ಇಂಡಿಯಾನಾದ ಆ ಸಣ್ಣ ಊರಿನಲ್ಲಿ, ಕ್ವೇಕರ್ ಎಂಬ ಕ್ರೈಸ್ತ ಪಂಗಡದವರ ಶಾಲೆಗೆ ಇಪ್ಪತ್ತಾರು ವರ್ಷಗಳಿಂದ ಅವಳೇ ಮುಖ್ಯೋಪಾಧ್ಯಾಯಿನಿ. ಮಕ್ಕಳು ತೊಂಬತ್ತೆರಡು, ಗಣಿತಕ್ಕೆ ಇರುವವನು ಒಬ್ಬನೇ. ಅವನು ಹೋದರೆ ಮೇಲಿನ ತರಗತಿಗಳನ್ನು ಮುಚ್ಚಬೇಕು.

ಅದನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲ. ಕ್ವೇಕರರಲ್ಲಿ ತನ್ನ ಮನಸ್ಸು ತನಗೇ ತಿಳಿಯದಾದವನು ತನಗೆ ಬೇಕಾದ ಮೂವರನ್ನು ಕರೆದು ಕೂರಿಸಿಕೊಳ್ಳುತ್ತಾನೆ. ಬಂದವರು ಪ್ರಶ್ನೆ ಮಾತ್ರ ಕೇಳಬೇಕು. ಬುದ್ಧಿ ಹೇಳಬಾರದು, ಸಮಾಧಾನವನ್ನೂ ಹೇಳಬಾರದು. ಕೇಲೆಬ್ ಕರೆದಿದ್ದು ನಿವೃತ್ತ ಅಂಚೆಯವನಾದ ವಿಲ್ಮರ್‌ನನ್ನು, ಕೋಳಿ ಸಾಕುವ ಮುದುಕಿ ನೆಟಿಯನ್ನು ಮತ್ತು ಆರ್ಡಿತ್‌ಳನ್ನು.

"ಎಂಟನೇ ಕ್ಲಾಸಿನ ಮಕ್ಕಳನ್ನ ನಡುನೀರಲ್ಲಿ ಬಿಟ್ಟು ಹೋಗೋದು ಸರಿ ಅನ್ಸತ್ತಾ ನಿಂಗೆ?" ಆರ್ಡಿತ್ ಶುರುಮಾಡಿದಳು.

ವಿಲ್ಮರ್ ಕೈಯೆತ್ತಿದ. "ಅದು ಬೈಗುಳ ಆರ್ಡಿತ್. ಕೊನೇಲಿ ರಾಗ ಎಳೆದ್ರೆ ಪ್ರಶ್ನೆ ಆಗಲ್ಲ."

"ನಲವತ್ತು ವರ್ಷ ಬೇರೆಯವರ ಕಾಗದ ಹಂಚಿದವನು, ನಂಗೆ ಮಾತು ಕಲಿಸ್ತೀಯಾ?"

"ಇದು ಪ್ರಶ್ನೆ," ಎಂದಳು ನೆಟಿ. "ಆದ್ರೆ ಕೇಲೆಬ್‌ಗಲ್ಲ." ಆಮೇಲೆ ಅವನ ಕಡೆ ತಿರುಗಿದಳು. "ಬಿಟ್ಟು ಏನ್ ಮಾಡ್ತೀಯ ಕಂದಾ?"

"ಮೇನ್ ರಾಜ್ಯದ ಕಡಲತೀರದಲ್ಲಿ ನಮ್ಮ ಸೋದರಮಾವ ದೋಣಿ ಕಟ್ತಾರೆ. ಅವರ ಜೊತೆ."

"ದೋಣಿ ಕಂಡ್ರೆ ಇಷ್ಟಾನಾ?"

ಕೇಲೆಬ್ ಸ್ವಲ್ಪ ಯೋಚಿಸಿದ. "ಹತ್ತಿದ್ರೆ ವಾಂತಿ ಬರತ್ತೆ."

ವಿಲ್ಮರ್ ನಗು ತಡೆದುಕೊಂಡ. ಆರ್ಡಿತ್ ನಗಲಿಲ್ಲ. ಪ್ರತಿ ಉತ್ತರದ ನಂತರ ಎಲ್ಲರೂ ಸುಮ್ಮನೆ ಕೂರಬೇಕು, ಅದೂ ನಿಯಮ. ಗಂಟೆ ಮೂರಾಯಿತು, ಮೂರೂವರೆಯಾಯಿತು. ಒಂದೇ ವಾಕ್ಯದಲ್ಲಿ ಮುಗಿಯುವ ಮಾತಿಗೆ ಇಷ್ಟು ಹೊತ್ತು. ಇವನಿಗೆ ಶಾಲೆಯಲ್ಲಿ ಏನು ಸಾಕಾಗಿದೆಯೋ ಅದನ್ನು ಇವನ ಬಾಯಿಂದಲೇ ಹೊರಡಿಸಬೇಕು, ಆಮೇಲೆ ಸರಿಪಡಿಸಬಹುದು ಎಂದುಕೊಂಡಳು. ವಿಲ್ಮರ್ ಕೈಯೆತ್ತದಂತೆ ಮಾತನ್ನು ತೂಗಿ ತೂಗಿ ಕೇಳಿದಳು.

"ಬೆಳಿಗ್ಗೆ ಕಾರು ನಿಲ್ಲಿಸಿದ್ಮೇಲೆ, ಇಳಿಯೋಕೆ ಮುಂಚೆ, ಎಷ್ಟು ಹೊತ್ತು ಒಳಗೇ ಕೂತಿರ್ತೀಯ?"

ಕೇಲೆಬ್ ಗೊಂದಲಕ್ಕೆ ಬಿದ್ದ. "ಯಾಕೆ ಕೂತ್ಕೋಬೇಕು? ಇಳಿದು ಹೋಗ್ತೀನಿ."

"ಹಿಂದಿನಿಂದ ಯಾವುದಾದ್ರೂ ಮಗು ಹೆಸರು ಹಿಡಿದು ಕರೆದಾಗ, ಕೇಳಿಸದವನ ಥರ ಮುಂದೆ ಹೋಗಿದ್ದು ಉಂಟಾ?"

"ಇಲ್ಲ."

"ರಜೆಗೆ ಇನ್ನು ಎಷ್ಟು ದಿನ ಇದೆ?"

"ಗೊತ್ತಿಲ್ಲ. ಲೆಕ್ಕ ಹಾಕಿಲ್ಲ."

ಸುಳ್ಳು ಹೇಳುತ್ತಿದ್ದಾನೆ ಎಂದು ಆರ್ಡಿತ್‌ಗೆ ಅನಿಸಿತು; ಅವಳು ದಿನಾ ಲೆಕ್ಕ ಹಾಕುತ್ತಿದ್ದಳು. ಅವನ ಮುಖ ನೋಡಿದಳು. ಸುಳ್ಳಿನ ಸುಳಿವೇ ಇರಲಿಲ್ಲ.

"ಹಾಗಾದ್ರೆ ಕೊನೇ ಸಲ ಆ ಕಟ್ಟಡದೊಳಗೆ ಖುಷಿಯಾಗಿ ಇದ್ದಿದ್ದು ಯಾವಾಗ?"

"ಶುಕ್ರವಾರ," ಎಂದ ಕೇಲೆಬ್. ತನ್ನ ಮಾತಿಗೆ ತಾನೇ ಆಶ್ಚರ್ಯಪಟ್ಟಂತಿತ್ತು. "ಭಿನ್ನರಾಶಿ ಮಾಡಿಸ್ತಿದ್ದೆ. ಅದಕ್ಕೆ ಮುಂಚಿನ ದಿನ ಒಬ್ಬಳು ನನ್ನ ಪಾಠ ಅರ್ಥ ಆಗ್ಲಿಲ್ಲ ಅಂತ ಅತ್ತುಬಿಟ್ಟಿದ್ಳು. ಅದೇ ತಲೇಲಿ ಕೊರೀತಿತ್ತು. ಬಿಡೋ ಯೋಚನೆ ಬಂದಿದ್ದು ಬಹುಶಃ ಅಷ್ಟಕ್ಕೇ. ನಾನು ಎಲ್ಲೂ ಹೋಗಲ್ಲ ಅನ್ಸತ್ತೆ."

"ಅಷ್ಟೇನಾ?" ಆರ್ಡಿತ್‌ಳ ದನಿ ಒರಟಾಗಿತ್ತು.

"ಅಷ್ಟೇ. ನೀವು ಕೇಳಿದ್ದು ಒಳ್ಳೇದಾಯ್ತು."

ಅವಳಿಗೆ ಬೇಕಾಗಿದ್ದು ಸಿಕ್ಕಿತ್ತು. ಗಣಿತ ಉಳಿಯಿತು, ತರಗತಿಗಳು ಉಳಿದವು. ಆದರೂ ಮೈಯೆಲ್ಲ ಉರಿಯುತ್ತಿತ್ತು. ನಾಲ್ವರೂ ರೂಢಿಯಂತೆ ಕೈಕುಲುಕಿ ಎದ್ದರು. ನೆಟಿ ಮಾತ್ರ ಆರ್ಡಿತ್‌ಳ ಕೈಯನ್ನು ಬೇಗ ಬಿಡಲಿಲ್ಲ.

ಸೋಮವಾರ ಬೆಳಿಗ್ಗೆ ಎಂಟೂವರೆಗೆ, ಕೇಲೆಬ್ ಎಂಟನೇ ತರಗತಿಯಲ್ಲಿ ಪಾಠ ಮಾಡುತ್ತಿದ್ದಾಗ, ಶಾಲೆಯ ಆಡಳಿತ ಮಂಡಳಿಗೆ ಆರ್ಡಿತ್‌ಳ ರಾಜೀನಾಮೆ ತಲುಪಿತು.